ಎರಡು ಕೈ, ಮೂರು ವಿಮಾನ

ಖಾಲಿ ಬಾಟಲಿಯ ಬಾಯಿಗೆ ತುಟಿ ತಂದು ಮೆಲ್ಲಗೆ ಊದಿದರೆ ಊಂ ಅಂತ ಒಂದು ಸಪ್ಪಳ ಬರುತ್ತದಲ್ಲ, ಬಾಜೂ ಮನೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ. ಮೂವತ್ತು ವರ್ಷ ಮೀರಿದ ನನ್ನ ನೌಕರಿಯಿಂದ ಕಿವಿಯಲ್ಲಿ ಉಳಿದದ್ದು ಆ ಸಪ್ಪಳ ಒಂದೇ. ಟೈಪ್‌ರೈಟರಿನ ಟಕಟಕ ಎಂದೋ ಮರೆತೆ. ಜೀವಮಾನವೆಲ್ಲ ಯುದ್ಧವಿಮಾನಗಳ ಕಾಳಗದ ಇತಿಹಾಸ ಬರೆದುಕೊಂಡವಳು ನಾನು, ಆದರೆ ಆನೆಸ್ಟ್ಲಿ, ಒಂದು ಕಾಳಗದ ಸಪ್ಪಳವನ್ನೂ ನಾನು ಕೇಳಿಲ್ಲ. ಕೇಳಿದ್ದು ಮೂಡಲಗಿಯ ಒಂದು ಮನೆಯ ಪಡಸಾಲೆಯಲ್ಲಿ ಊದಿದ ಕೆಮ್ಮಿನ ಔಷಧದ ಬಾಟಲಿ.

ಹೋದ ತಿಂಗಳು ಗೋಕಾಕದ ನನ್ನ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ನಿವೃತ್ತ ಸೈನಿಕರ ಅನುಭವ ರೆಕಾರ್ಡ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದವರು. ಅಂಕಲಗಿಯ ಒಬ್ಬ ಹಿರಿಯರನ್ನು ಮಾತಾಡಿಸಿ ತಂದ ವಿಡಿಯೋ ಫೋನಿನಲ್ಲಿ ತೋರಿಸಿದರು. ಸ್ವಚ್ಛ ಬೆಳಕು, ಸ್ವಚ್ಛ ದನಿ, ಫೋನಿನ ತುಂಬ ಮುಖ. ನೋಡುತ್ತ ನೋಡುತ್ತ ನನಗೆ ತಡೆಯಲಿಲ್ಲ. ಕೈ ಎಲ್ಲಿ ಅಂತ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೈ ಯಾಕ ಬೇಕ್ರಿ ಅಜ್ಜಿ? ಮಾರಿ ಚಲೋ ಬಂದೈತಲ್ರಿ," ಅಂದಳು ಒಬ್ಬಳು.

ಅವರಿಗೆ ಆಗ ಅರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇದು.

ನಾನು ಹುಕ್ಕೇರಿಯವಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದೆ. ಇಂಗ್ಲಿಷ್ ಕಲಿಸಿದ ಸಿಸ್ಟರೇ ನನಗೆ ಶಾರ್ಟ್‌ಹ್ಯಾಂಡನ್ನೂ ಕಲಿಸಿದರು. ಕೇಳಿದ್ದನ್ನು ಬರಿ, ನಿನಗೆ ಇಷ್ಟವಾದದ್ದನ್ನಲ್ಲ, ಚೈಲ್ಡ್, ಅನ್ನುತ್ತಿದ್ದರು. ಆ ಶಾರ್ಟ್‌ಹ್ಯಾಂಡಿನ ಬಲದ ಮೇಲೆ ದಿಲ್ಲಿಯಲ್ಲಿ ಯುದ್ಧದ ಇತಿಹಾಸ ಬರೆಯುವ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ನನ್ನ ಪಾಲಿಗೆ ಬಂದದ್ದು ವಿಮಾನಗಳ ವಿಭಾಗ. ಮೊದಲ ದಿನ ನನಗೆ ಫೈಟರ್ ಯಾವುದು ಬಾಂಬರ್ ಯಾವುದು ಗೊತ್ತಿರಲಿಲ್ಲ. ಎರಡಕ್ಕೂ ರೆಕ್ಕೆ ಇದ್ದವು, ಅಷ್ಟೇ.

ಕೆಲಸ ಇಷ್ಟು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಹಾರಿದ ನಮ್ಮ ಪೈಲಟ್‌ಗಳು ಆಗ ಐವತ್ತರ ಆಜೂಬಾಜೂ ಇದ್ದರು. ಅವರ ಊರಿಗೆ ಹೋಗಿ, ಎದುರು ಕೂತು, ಹೇಳಿದ್ದನ್ನು ಬರೆದುಕೊಂಡು ಬರಬೇಕು. ಹೋದವಳಿಗೆ ಒಂದೇ ವಾರದಲ್ಲಿ ತಿಳಿದದ್ದೇನೆಂದರೆ, ಫೈಟರ್ ಪೈಲಟ್‌ಗಳು ಕಾಳಗದ ಕಥೆಯನ್ನು ಬಾಯಿಂದ ಹೇಳುವುದಿಲ್ಲ. ಕೈಯಿಂದ ಹೇಳುತ್ತಾರೆ. ಒಂದು ಅಂಗೈ ತಾನು, ಇನ್ನೊಂದು ಶತ್ರು. ಮುಂದಿನ ಕೈ ಓಡುತ್ತದೆ, ಹಿಂದಿನದು ಬೆನ್ನು ಹತ್ತುತ್ತದೆ. ಮುಂದಿನದು ಓರೆಯಾಗಿ ಕೆಳಗೆ ಜಾರುತ್ತದೆ, ಹಿಂದಿನದೂ ಜಾರುತ್ತದೆ. ಕುರ್ಚಿಯಲ್ಲಿ ಕೂತಲ್ಲೇ ಮೈ ಬಾಗಿಸಿ ತಿರುಗುತ್ತಿದ್ದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದೇ ಇಂಜಿನ್, ಒಂದೇ ಸೀಟು, ಕೆಳಗೆ ದಾರಿಯಿಲ್ಲದ ಕಾಡು, ಅಷ್ಟೇ ನಂಬಿಕೊಂಡು ಹೋದವರು. ಯಾರೂ ತಾವು ಧೈರ್ಯವಂತರೆಂದು ಹೇಳಲಿಲ್ಲ. ಬಹಳ ಮಂದಿ ಆವತ್ತಿನ ಊಟ ಕೆಟ್ಟದಾಗಿತ್ತು ಅಂತ ಹೇಳಿದರು.

ನಮ್ಮ ಡೈರೆಕ್ಟರ್ ಸಾಹೇಬರೂ ಹಳೆಯ ಫೈಟರ್ ಪೈಲಟ್. ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಅವರ ನಿಯಮ ಎರಡು. ಮಾತಾಡುವವರು ಕೆಮ್ಮಿದರೂ, ನಕ್ಕರೂ, ಚಹಾ ಕುಡಿದರೂ ಮಾರ್ಜಿನ್ನಿನಲ್ಲಿ ಬರೆಯಬೇಕು. ಏಳುವ ಮೊದಲು ಬರೆದದ್ದನ್ನು ಅವರಿಗೇ ಓದಿ ಹೇಳಬೇಕು. ಮೊದಲನೆಯದು ನನಗೆ ಸಿಲ್ಲಿ ಅನಿಸುತ್ತಿತ್ತು. ಎರಡನೆಯದು ಬೇಜಾರು ತರುತ್ತಿತ್ತು.

ನನ್ನ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ. ಒಬ್ಬರು "ಅವನು ಸೂರ್ಯನೊಳಗಿಂದ ಬಂದ" ಅಂದದ್ದನ್ನು ನಾನು ಕವಿತ್ವ ಅಂತ ತಿಳಿದು ಹೊಡೆದುಹಾಕಿದ್ದೆ. ಸಾಹೇಬರು ಓದಿ, ಸೂರ್ಯ ಎಲ್ಲಿ ಹೋದ ಅಂತ ಕೇಳಿದರು. ಆಮೇಲೆ ಕುಂಟುತ್ತ ಕಚೇರಿಯ ಮಾಳಿಗೆ ಹತ್ತಿಸಿದರು. ನೆತ್ತಿಯ ಸೂರ್ಯನಿಗೆ ಅಡ್ಡ ತಮ್ಮ ಪೆನ್ಸಿಲ್ ಹಿಡಿದು, ಪೆನ್ಸಿಲ್ ಕಾಣುತ್ತದೇನು ಅಂದರು. ಕಾಣಲಿಲ್ಲ. ಕಣ್ಣಲ್ಲಿ ನೀರು ಬಂತು. ಶತ್ರು ಯಾವಾಗಲೂ ಅಲ್ಲಿಂದಲೇ ಬರುತ್ತಾನೆ, ಅದಕ್ಕೇ ಒಬ್ಬನೇ ಹೋಗಬಾರದು, ಇಬ್ಬರು ಹೋಗಬೇಕು ಅಂತ ಅಲ್ಲೇ ನಿಂತು ಹೇಳಿದರು. ಮುಂದಿನವನು ಲೀಡರ್. ಪಕ್ಕದಲ್ಲಿ ತುಸು ಹಿಂದೆ ಹಾರುವವನು ನಂಬರ್ ಟೂ. ಲೀಡರ್ ಬೇಟೆ ನೋಡುತ್ತಾನೆ, ನಂಬರ್ ಟೂ ಲೀಡರನ ಬೆನ್ನು ಕಾಯುತ್ತಾನೆ. "ನಂಬರ್ ಟೂ ಗುರಿ ತಪ್ಪಿದ ಅಂತ ಬರೆ, ಯಾರೂ ಏನೂ ಅನ್ನುವುದಿಲ್ಲ," ಅಂದರು. "ಬಿಟ್ಟುಹೋದ ಅಂತ ಬರೆಯುವಾಗ ಮಾತ್ರ ಹತ್ತು ಸಲ ಯೋಚನೆ ಮಾಡು. ಅದಕ್ಕಿಂತ ಕೆಟ್ಟ ಮಾತು ನಮ್ಮಲ್ಲಿಲ್ಲ."

ಅದೇ ಮಾತನ್ನು ನಾನು ಹತ್ತು ಸಲ ಯೋಚನೆ ಮಾಡದೆ ಬರೆದೆ.

ಪುಣೆಯಲ್ಲಿ ಒಬ್ಬ ನಿವೃತ್ತ ಪೈಲಟ್ ಇದ್ದರು. ಬರ್ಮಾ ಗಡಿಯಲ್ಲಿ ಎರಡು ಹರಿಕೇನ್ ಫೈಟರ್‌ಗಳ ಜೋಡಿಗೆ ಲೀಡರ್ ಆಗಿದ್ದವರು. ವರಾಂಡದಲ್ಲಿ ಕೂತು ಆ ದಿನದ ಕಥೆ ಹೇಳಿದರು. ಬಲಗೈ ತಾವು. ಎಡಗೈಯನ್ನು ಬಲಗೈಯ ಪಕ್ಕಕ್ಕೆ, ತುಸು ಹಿಂದೆ ಹಿಡಿದು, ಇದು ನನ್ನ ನಂಬರ್ ಟೂ ಅಂದರು. ಎರಡೂ ಕೈ ಕಾಡಿನ ಮೇಲೆ ಹೋದವು. ಅಷ್ಟರಲ್ಲಿ ಚಹಾ ಬಂತು, ಕುಡಿದರು. ಮತ್ತೆ ಶುರು ಮಾಡಿದಾಗ ಬಾಯಿ ಪೂರ್ತಿ ಬಂದ್ ಆಗಿತ್ತು, ಕೈ ಮಾತ್ರ ನಡೆದಿತ್ತು. ತಮಗೆ ಗುಂಡು ತಾಗಿದ್ದನ್ನು ಬಲಗೈ ಅಲುಗಿಸಿ ತೋರಿಸಿದರು. ಎಡಗೈ ತಟ್ಟನೆ ಎಡಕ್ಕೆ ವಾಲಿ, ಕುರ್ಚಿಯ ತೋಳು ದಾಟಿ, ಹೊರಗೆ ಹೋಯಿತು. ಹೋಯಿತು, ಅಷ್ಟೇ ಅಂದರು. ಗಾಯಗೊಂಡ ಅವರು ಬೇರೆ ಒಂದು ನೆಲೆಯಲ್ಲಿ ಇಳಿದು ಆಸ್ಪತ್ರೆ ಸೇರಿದರಂತೆ. ನಂಬರ್ ಟೂನನ್ನು ಮತ್ತೆ ನೋಡಲಿಲ್ಲವಂತೆ. ಆ ಹುಡುಗ ಎಂಟು ದಿನದೊಳಗೆ ಇನ್ನೊಂದು ಹಾರಾಟದಲ್ಲಿ ಕಾಣೆಯಾದ.

ನಾನು ಬರೆದೆ: ನಂಬರ್ ಟೂ ಎಡಕ್ಕೆ ತಿರುಗಿ ಲೀಡರನನ್ನು ಬಿಟ್ಟುಹೋದ.

ನನಗೆ ಆ ಸಂಜೆ ದಿಲ್ಲಿಯ ಗಾಡಿ ಹಿಡಿಯುವುದಿತ್ತು. ಓದಿ ಹೇಳದೆ ಎದ್ದೆ. ಟೈಪ್ ಮಾಡಿ ಟಪಾಲಿನಲ್ಲಿ ಕಳಿಸುತ್ತೇನೆ, ನೋಡಿ ಸಹಿ ಮಾಡಿ ಅಂದೆ. ಕಳಿಸಿದೆ ಕೂಡ. ಸಹಿಯ ಬದಲು ಅವರು ತೀರಿಕೊಂಡ ಸುದ್ದಿ ಬಂತು. ಆ ಹಾರಾಟದ ಮೂಲ ಕಾಗದಗಳು ಬರ್ಮಾದ ಮಳೆಯಲ್ಲೇ ಹೋಗಿದ್ದವು. ಹಾಗಾಗಿ ನನ್ನ ಆ ಒಂದು ಸಾಲೇ ಇತಿಹಾಸವಾಗಿ ಕೂತಿತು. ಪುಸ್ತಕ ಅಚ್ಚಿಗೆ ಹೋಗುವುದಕ್ಕೆ ಇನ್ನೂ ಒಂದು ತಿಂಗಳಿತ್ತು.

ಆ ನಡುವೆ ನಾನು ರಜೆಯ ಮೇಲೆ ಹುಕ್ಕೇರಿಗೆ ಬಂದೆ. ಸಾಹೇಬರು ಸುಮ್ಮನೆ ಬಿಡುವವರಲ್ಲ. ನಮ್ಮ ಸೀಮೆಯ ಇಬ್ಬರ ವಿಳಾಸ ಕೊಟ್ಟಿದ್ದರು. ಪೈಲಟ್‌ಗಳಲ್ಲ, ನೆಲದ ಮೇಲೆ ವಿಮಾನ ಸಜ್ಜು ಮಾಡುತ್ತಿದ್ದವರು. ನನಗೆ ಮನಸ್ಸಿರಲಿಲ್ಲ. ಐ ವಾಸ್ ಅ ಸ್ನಾಬ್, ಈಗ ಒಪ್ಪಿಕೊಳ್ಳುತ್ತೇನೆ. ಹಾರಿದವರನ್ನು ಬಿಟ್ಟು ಎಣ್ಣೆ ತುಂಬಿದವರ ಹತ್ತಿರ ಏನಿರುತ್ತದೆ ಅನಿಸಿತ್ತು.

ಮೊದಲಿನವರು ಘೋಡಗೇರಿಯವರು. ವಿಮಾನಕ್ಕೆ ಪೆಟ್ರೋಲ್ ತುಂಬುತ್ತಿದ್ದರು. ಪೆಟ್ರೋಲಿನಲ್ಲಿ ಒಂದು ಹನಿ ನೀರು ಹೋದರೂ ಇಂಜಿನ್ ಆಕಾಶದಲ್ಲೇ ನಿಂತುಬಿಡುತ್ತದೆ, ಅದಕ್ಕೆ ಮೆತ್ತನೆಯ ಚರ್ಮದೊಳಗಿಂದ ಸೋಸಿ ತುಂಬುತ್ತಿದ್ದರಂತೆ. ಮಳೆ ಸುರಿಯುವಾಗ ತಮ್ಮ ಮೈಯನ್ನೇ ಕೊಡೆ ಮಾಡಿ ಬಾಗಿ ನಿಲ್ಲುತ್ತಿದ್ದರಂತೆ. ತಾವು ತುಂಬಿದ ಒಂದು ವಿಮಾನವೂ ನೀರಿನಿಂದ ನಿಲ್ಲಲಿಲ್ಲ ಅಂತ ಹೇಳುವಾಗ ಬೆನ್ನು ನೆಟ್ಟಗಾಯಿತು. ಈಗಲೂ ಮನೆಯಲ್ಲಿ ಸೀಮೆಎಣ್ಣೆ ಸೋಸಿಯೇ ಸ್ಟೋವಿಗೆ ಹಾಕುತ್ತಾರೆ ಅಂತ ಹೆಂಡತಿ ಒಳಗಿಂದ ಹೇಳಿದರು. "ನನ್ನೂ ಸೋಸೇ ಮಾಡ್ಕೊಂಡಾರ್ರಿ ಬಾಯಾರ, ಮೂರು ಊರು ಹೆಣ್ಣ ನೋಡಿ," ಅಂದರು. ಆತ ತಲೆ ಎತ್ತದೆ, ಆದ್ರೂ ಒಂದ ಹನಿ ಉಳೀತ್ರಿ ಅಂದರು. ನಾನು ನಕ್ಕದ್ದನ್ನೂ ಮಾರ್ಜಿನ್ನಿನಲ್ಲಿ ಬರೆದೆ.

ಎರಡನೆಯವರು ಮೂಡಲಗಿಯ ಬಸಲಿಂಗಪ್ಪ ಕಾಕಾ. ಬೆಲ್ಲದ ಅಂಗಡಿ ಇತ್ತು. ಹಣೆಯ ಮೇಲೆ ವಿಭೂತಿ, ಬಿಳಿ ಅಂಗಿ, ಸ್ವಲ್ಪ ಜೋರು ದನಿ. ಬಂದೂಕುಗಳ ಸಪ್ಪಳದ ಬಾಜೂ ಬೆಳೆದ ಕಿವಿ ಅದು. ಅವರ ಕೆಲಸ ವಿಮಾನದ ರೆಕ್ಕೆಯೊಳಗಿನ ಬಂದೂಕುಗಳಿಗೆ ಗುಂಡಿನ ಮಾಲೆ ತುಂಬುವುದು. ಮಾಲೆಯ ಒಂದು ಕೊಂಡಿ ಓರೆಯಾದರೂ ಮೇಲೆ ಬಂದೂಕು ಸಿಕ್ಕಿಕೊಳ್ಳುತ್ತದೆ, ಒಳಗೆ ಕೂತವನ ಜೀವ ಹೋಗುತ್ತದೆ. ಒಂದೊಂದೇ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರಂತೆ, ಲಿಂಗಪೂಜೆ ಮಾಡಿದ ಹಾಗೆ, ಮನಸ್ಸು ಅಲುಗಿಸದೆ. ಅವರ ಕೈಯನ್ನೂ ನೋಡಿದೆ. ಮಾತಾಡುವಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಸರಿಯುತ್ತಲೇ ಇತ್ತು, ಕಾಣದ ಮಾಲೆಯೊಂದನ್ನು ಎಳೆದುಕೊಂಡ ಹಾಗೆ.

ಯಾರ ವಿಮಾನ ಅಂತ ಕೇಳಿದೆ. ಹೇಳಿದರು. ಪುಣೆಯವರ ನಂಬರ್ ಟೂನದು ಅದು. ಕಾಕಾ ಅವನನ್ನು ಸಣ್ಣ ಸಾಹೇಬ್ರು ಅನ್ನುತ್ತಿದ್ದರು. ಮಾಲೆ ತುಂಬಿದ ಮೇಲೆ ಪ್ರತಿ ಸಲ ರೆಕ್ಕೆಯ ಕೆಳಗೆ ಬಂದು ಥ್ಯಾಂಕ್ಯೂ ಹೇಳುತ್ತಿದ್ದ ಒಬ್ಬನೇ ಸಾಹೇಬ ಅಂತೆ. ನಾನು ಬಹಳ ಜಾಣೆಯ ಹಾಗೆ ಚೀಲದಿಂದ ಟೈಪ್ ಮಾಡಿದ ಹಾಳೆ ತೆಗೆದೆ. ನಿಮ್ಮ ಸಾಹೇಬರ ಬಗ್ಗೆ ಇಲ್ಲಿ ಬಂದಿದೆ ಕಾಕಾ ಅಂತ ಕನ್ನಡ ಮಾಡಿ ಓದಿ ಹೇಳಿದೆ.

ಹೆಬ್ಬೆರಳು ನಿಂತಿತು.

"ಇದು ಖರೆ ಅಲ್ರಿ ಬಾಯಾರ," ಅಂದರು.

ಲೀಡರ್ ಸಾಹೇಬರೇ ತೋರಿಸಿದ್ದು ಅಂದೆ. ಅವರು ಎದ್ದು ಒಳಗೆ ಹೋದರು. ಸಿಟ್ಟು ಬಂತೇನೋ ಅಂತ ನಾನು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯ ಮುಖ ನೋಡಿದೆ. ಕಾಕಾ ಕೆಮ್ಮಿನ ಔಷಧದ ಖಾಲಿ ಬಾಟಲಿ ಹಿಡಿದು ಬಂದರು. ಒಂದು ಚೂರು ಕಾಗದವನ್ನು ಉಗುಳು ಹಚ್ಚಿ ಅದರ ಬಾಯಿಗೆ ಅಂಟಿಸಿದರು. ಊದಿದರು. ಬರೀ ಉಸಿರು. ಬೆರಳಿನಿಂದ ಕಾಗದ ಹರಿದು ಮತ್ತೆ ಊದಿದರು. ಊಂ ಅಂತು.

ಆಮೇಲೆ ವಿವರಿಸಿದರು. ಧೂಳು, ತೇವ ಹೋಗಬಾರದು ಅಂತ ಬಂದೂಕಿನ ಬಾಯಿಗೆ ಅವರು ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದರು. ಗುಂಡು ಹಾರಿದರೆ ಮೊದಲು ಹರಿಯುವುದು ಪಟ್ಟಿ. ಪಟ್ಟಿ ಹರಿದ ವಿಮಾನ ಇಳಿಯಲು ಬರುವಾಗ ತೆರೆದ ಬಾಯಿಗಳ ಮೇಲೆ ಗಾಳಿ ಬೀಸಿ ಹೀಗೆ ಸಿಳ್ಳೆ ಹೊಡೆಯುತ್ತದೆ. ವಿಮಾನ ಕಣ್ಣಿಗೆ ಬೀಳುವ ಮೊದಲೇ ನೆಲದವರಿಗೆ ಗೊತ್ತು, ಇವರು ಸುಮ್ಮನೆ ತಿರುಗಾಡಿ ಬಂದಿಲ್ಲ, ಕಾದಾಡಿ ಬಂದಿದ್ದಾರೆ. ಆ ಸಪ್ಪಳ ಕೇಳಿದರೆ ಯಾರ ಹುಕುಮಿಗೂ ಕಾಯುತ್ತಿರಲಿಲ್ಲ. ಊಟಕ್ಕೆ ಕೂತಿದ್ದರೂ ಎದ್ದು ಗುಂಡಿನ ಪೆಟ್ಟಿಗೆ ಎಳೆದು ತರುತ್ತಿದ್ದರು. ಆವತ್ತು ಸಣ್ಣ ಸಾಹೇಬನ ವಿಮಾನ ಎರಡೂ ರೆಕ್ಕೆಯಿಂದ ಸಿಳ್ಳೆ ಹೊಡೆಯುತ್ತ ಇಳಿಯಿತು. ಕಾಕಾ ರೆಕ್ಕೆ ಬಿಚ್ಚಿ ನೋಡಿದರು. ಮಾಲೆ ಒಂದೂ ಉಳಿದಿರಲಿಲ್ಲ.

"ಓಡಿ ಬಂದವರು ಗುಂಡ ಖಾಲಿ ಮಾಡ್ಕೊಂಡ ಬರ್ತಾರೇನ್ರಿ? ಕೆಳಗ ಇಳದ ಕೂಡ್ಲೆ ನನ್ನ ಭುಜಾ ಹಿಡದು ಕೇಳಿದ್ದು ಒಂದ ಮಾತು. ಲೀಡರ್ ಬಂದ್ರಾ? ಅಷ್ಟ. ಬರ್ತಾರ್ರಿ ಅಂದೆ." ಬಾಟಲಿಯನ್ನು ನನ್ನ ಹಾಳೆಯ ಮೇಲೆ ಇಟ್ಟರು. "ಆ ಸಾಹೇಬ್ರಿಗೆ ಲಗ್ನ ಇಲ್ಲ, ಮಕ್ಕಳಿಲ್ಲ. ಇದು ತಪ್ಪು ಅಂತ ಹೇಳವರು ಇನ್ನ ಯಾರ್ ಅದಾರ್ರಿ, ನನ್ನ ಬಿಟ್ಟು?"

ರಜೆ ಇನ್ನೂ ಇತ್ತು. ಮರುದಿನವೇ ದಿಲ್ಲಿಗೆ ಹೊರಟೆ.

ಡೈರೆಕ್ಟರ್ ಸಾಹೇಬರು ಎಲ್ಲ ಕೇಳಿದರು. ಗುಂಡು ಹಾರಿಸಿದ ಅಂತ ಸಪ್ಪಳ ಹೇಳುತ್ತದೆ, ಯಾರ ಮೇಲೆ ಹಾರಿಸಿದ ಅಂತ ಹೇಳುವುದಿಲ್ಲವಲ್ಲ ಅಂದರು. ಬಿಟ್ಟುಹೋಗುವಾಗ ದಾರಿಯಲ್ಲಿ ಕಾಡಿಗೆ ಹಾರಿಸಿದ ಅಂತ ಯಾರಾದರೂ ಅಂದರೆ? ನಿನ್ನ ನೋಟ್‌ಬುಕ್ ತಾ.

ಮೂಲ ನೋಟ್‌ಬುಕ್ ತಂದೆ. ನಾನು ಶಾರ್ಟ್‌ಹ್ಯಾಂಡ್ ಓದುತ್ತ ಹೋದೆ, ಅವರು ಕೈ ನಡೆಸುತ್ತ ಹೋದರು. ಬಲಗೈ ಲೀಡರ್. ಎಡಗೈ ಪಕ್ಕದಲ್ಲಿ, ತುಸು ಹಿಂದೆ. ಕಾಡು. ಮುಂದೆ ಮಾರ್ಜಿನ್ನಿನಲ್ಲಿ ಎರಡಕ್ಷರ ಇತ್ತು. ಚಹಾ.

"ನಿಲ್ಲು," ಅಂದರು. ಮೇಜಿನ ಮೇಲಿನ ಕಪ್ಪನ್ನು ಎಡಗೈಯಲ್ಲಿ ಎತ್ತಿ ಒಂದು ಗುಟುಕು ಕುಡಿದು ಇಟ್ಟರು. "ಚಹಾ ಆದ ಮೇಲೆ ಎಡಗೈ ಎಲ್ಲಿಂದ ಬಂತು?"

ಓದಿದೆ. ಎಡಗೈ ಮೇಲಿನಿಂದ, ಹಿಂದಿನಿಂದ.

ಅವರ ಎಡಗೈ ತಲೆಯ ಮೇಲಿನಿಂದ ಇಳಿದು ಬಲಗೈಯ ಬೆನ್ನಿಗೆ ಬಂದು ನಿಂತಿತು. ಇಬ್ಬರೂ ಅದನ್ನೇ ನೋಡಿದೆವು. ನಂಬರ್ ಟೂ ಪಕ್ಕದಲ್ಲಿದ್ದವನು. ಮೇಲಿನಿಂದ, ಸೂರ್ಯನೊಳಗಿಂದ, ಬರುವವನು ಬೇರೆ. ಪುಣೆಯ ಆ ಹಿರಿಯರು ಚಹಾ ಕುಡಿಯಲು ಎಡಗೈ ತೆಗೆದಾಗ ಅದು ನಂಬರ್ ಟೂ ಆಗಿತ್ತು, ಮರಳಿ ಬಂದಾಗ ಶತ್ರು ಆಗಿತ್ತು. ಅವರಿಗೆ ಅದು ಎಷ್ಟು ಸಹಜವೆಂದರೆ ಹೇಳಬೇಕು ಅನಿಸಿರಲಿಕ್ಕಿಲ್ಲ. ಎದುರಿಗೆ ಕೂತವಳ ತಲೆಯಲ್ಲಿ ಗಾಡಿಯ ಟೈಮ್ ಇತ್ತು.

"ಹಾಗಾದರೆ ಎಡಕ್ಕೆ ವಾಲಿ ಹೋದವನು ಶತ್ರು," ಅಂದರು. "ಲೀಡರನಿಗೆ ಗುಂಡು ತಾಗಿದೆ, ಇನ್ನೊಂದು ಸಲ ಹೊಡೆದರೆ ಮುಗಿಯಿತು. ಅಂಥ ಬೇಟೆ ಬಿಟ್ಟು ಅವನು ಯಾಕೆ ಹೋಗುತ್ತಾನೆ?"

ಎರಡೂ ಕೈ ಗಾಳಿಯಲ್ಲೇ ಇದ್ದವು. ಮೂರನೆಯ ವಿಮಾನಕ್ಕೆ ಕೈ ಇರಲಿಲ್ಲ. ಸಾಹೇಬರು ಸುತ್ತ ನೋಡಿ, ಕೊನೆಗೆ ನನ್ನ ಕಡೆ ನೋಡಿದರು.

"ನಿನ್ನ ಕೈ ಕೊಡು."

ಕೊಟ್ಟೆ. ಅವರ ಎಡಗೈಯ ಹಿಂದೆ, ತುಸು ಕೆಳಗೆ ಹಿಡಿಯಲು ಹೇಳಿದರು. ಈಗ ನೀನು ಹಾರಿಸುತ್ತಿದ್ದೀಯ, ನಾನು ಏನು ಮಾಡಲಿ ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವರ ಎಡಗೈ ತಟ್ಟನೆ ವಾಲಿ ಮೇಜಿನ ಅಂಚು ದಾಟಿ ಹೋಯಿತು. ನನ್ನ ಕೈ ಅದರ ಹಿಂದೆಯೇ ಹೋಯಿತು. ನಾನು ಕಳಿಸಲಿಲ್ಲ, ತಾನೇ ಹೋಯಿತು. ಆ ಒಂದು ಕ್ಷಣ ಆ ಇಪ್ಪತ್ತೊಂದು ವರ್ಷದ ಹುಡುಗ ಏನು ಮಾಡಿದ ಅಂತ ನನ್ನ ಭುಜಕ್ಕೆ ತಿಳಿಯಿತು. ತನ್ನ ಬೆನ್ನು ಕಾಯುವವರು ಯಾರೂ ಇಲ್ಲ ಅಂತ ಗೊತ್ತಿದ್ದೂ ಹೋದ. ಮುಂದೆ ನೋಡುತ್ತ ರಕ್ತ ಸುರಿಸುತ್ತಿದ್ದ ಲೀಡರನಿಗೆ ಅದು ಕಾಣಲೇ ಇಲ್ಲ. ಶತ್ರು ಹೋದದ್ದಷ್ಟೇ ಕಂಡಿತು.

ಸಾಹೇಬರು ಕೆಂಪು ಪೆನ್ಸಿಲ್ ತೆಗೆದು ನನ್ನ ಸಾಲು ಹೊಡೆದರು. ಅಚ್ಚಾದ ಪುಸ್ತಕದಲ್ಲಿ ಈಗ ಇರುವುದು ಇಷ್ಟು. ನಂಬರ್ ಟೂ ಶತ್ರುವಿನ ಮೇಲೆ ಗುಂಡು ಹಾರಿಸಿರಬೇಕು, ಶತ್ರು ಎಡಕ್ಕೆ ತಿರುಗಿ ಹೋದ, ಮರಳಿ ಇಳಿಯುವಾಗ ಬಂದೂಕುಗಳ ಬಾಯಿ ತೆರೆದಿದ್ದುದನ್ನು ನೆಲದವರು ಸಪ್ಪಳದಿಂದ ತಿಳಿದರು. "ಇರಬೇಕು" ಅನ್ನುವುದನ್ನು ತೆಗೆಯಿರಿ ಅಂತ ನಾನು ಬೇಡಿಕೊಂಡೆ. ಒಪ್ಪಲಿಲ್ಲ. ಗೊತ್ತಿದ್ದಷ್ಟೇ ಬರೆಯುವುದು ಆ ಹುಡುಗನಿಗೆ ಕೊಡುವ ಮರ್ಯಾದೆ ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದೆ ಸ್ಪೂಲ್ ಟೇಪು ಬಂತು, ಆಮೇಲೆ ಕ್ಯಾಸೆಟ್. ಎಲ್ಲರೂ ಇನ್ನು ಬರೆಯುವುದು ತಪ್ಪಿತು ಅಂದರು. ನಾನು ಮಾತ್ರ ಟೇಪು ತಿರುಗುತ್ತಿದ್ದಾಗಲೂ ನೋಟ್‌ಬುಕ್ ಬಿಡಲಿಲ್ಲ. ಪ್ರತಿ ಸಲ ಕೈ ಎದ್ದಾಗ, ಇದು ಯಾರು ಸಾರ್ ಅಂತ ಕೇಳುತ್ತಿದ್ದೆ. ಕೆಲವರಿಗೆ ಕಿರಿಕಿರಿಯಾಗುತ್ತಿತ್ತು. ಕೇಳಿರಮ್ಮ ನೀವೂ. ಮುಖ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ, ಫೋನನ್ನು ನಾಲ್ಕು ಹೆಜ್ಜೆ ಹಿಂದೆ ಇಡಿ.

ಬಸಲಿಂಗಪ್ಪ ಕಾಕಾಗೆ ಆ ಪುಟವನ್ನು ಕನ್ನಡ ಮಾಡಿ ಟಪಾಲಿನಲ್ಲಿ ಕಳಿಸಿದ್ದೆ. ಊರಿಗೆ ಬಂದಾಗಲೆಲ್ಲ ಮೂಡಲಗಿಗೆ ಹೋಗುತ್ತಿದ್ದೆ, ಬೆಲ್ಲ ಕೊಡದೆ ಕಳಿಸುತ್ತಿರಲಿಲ್ಲ. ಕೊನೆಯ ಸಲ ನೋಡಿದ್ದು ನಾನು ನಿವೃತ್ತಳಾಗಿ ಗೋಕಾಕದಲ್ಲಿ ಮನೆ ಮಾಡಿದ ವರ್ಷ. ಅವರು ಎಂಬತ್ತು ದಾಟಿದ್ದರು. ಪಡಸಾಲೆಯ ಹೊರಸಿನ ಮೇಲೆ ಕೂತಿದ್ದರು. ಕಿವಿ ಪೂರ್ತಿ ಹೋಗಿತ್ತು. ನಾನು ಒದರಿದೆ, ಅವರು ನಕ್ಕರು. ಏನೂ ಕೇಳಿಸಂಗಿಲ್ರಿ, ತೋಪ್ ಹಾರಿಸಿದ್ರೂ ಅಷ್ಟ, ಅಂತ ಸೊಸೆ ಅಂದಳು. ನಾನು ಆ ಪುಟ ತೆಗೆದು ಅವರ ಮಡಿಲಲ್ಲಿ ಇಟ್ಟೆ. ಅಕ್ಷರವೂ ಕಾಣುತ್ತಿರಲಿಲ್ಲ, ಕಾಗದವನ್ನು ಸವರಿ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡರು.

ಗೂಡಿನಲ್ಲಿ ಔಷಧದ ಬಾಟಲಿಗಳಿದ್ದವು. ಖಾಲಿ ಇದ್ದ ಒಂದನ್ನು ತಂದು ಅವರ ಎರಡೂ ಅಂಗೈ ಅದರ ಸುತ್ತ ಹಿಡಿಸಿದೆ. ಬಗ್ಗಿ ಊದಿದೆ. ಮೊದಲ ಸಲ ಬರೀ ಉಸಿರು. ಅವರು ಬಾಟಲಿಯನ್ನು ಒಂದಿಷ್ಟು ಓರೆ ಮಾಡಿ ಹಿಡಿದರು. ಮತ್ತೆ ಊದಿದೆ. ಗಾಜು ನಡುಗಿದ್ದು ನನ್ನ ತುಟಿಗೇ ತಿಳಿಯಿತು.

ಕಾಕಾ ಬಾಟಲಿ ಬಿಟ್ಟು ಎರಡೂ ಕೈಯನ್ನು ಮೊಣಕಾಲಿನ ಮೇಲೆ ಊರಿದರು. ಸೊಸೆ ಗಾಬರಿಯಾಗಿ, ಎಲ್ಲಿಗ್ರೀ ಮಾಮಾ ಅಂತ ಓಡಿ ಬಂದಳು. ಅಷ್ಟರಲ್ಲಿ ಅವರು ಎದ್ದು ನಿಂತಿದ್ದರು.

"ಗುಂಡಿನ ಪೆಟ್ಟಿಗಿ ತಗೀರಿ," ಅಂದರು.